ಡಿಫ್ ಏನೂ ಹೇಳಲಿಲ್ಲ

ನಮ್ಮ ಕಂಪನಿಯಲ್ಲಿ ಎರಡು ಫೈಲುಗಳನ್ನು ಹೋಲಿಸಬೇಕಾದರೆ ಮೊದಲು ಮೀಟಿಂಗ್ ಕರೆಯುತ್ತಾರೆ. ಆಮೇಲೆ ಎರಡನ್ನೂ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುತ್ತಾರೆ. ಹಳದಿ ಹೈಲೈಟರ್ ಹಿಡಿದವನೊಬ್ಬ, ಗುಲಾಬಿ ಹೈಲೈಟರ್ ಹಿಡಿದವನಿನ್ನೊಬ್ಬ, ಇಬ್ಬರೂ ಸರಿಯಾಗಿ ಬಳಿಯುತ್ತಿದ್ದಾರೋ ಇಲ್ಲವೋ ಎಂದು ನೋಡಲು ಮತ್ತೊಬ್ಬ. ಮಧ್ಯಾಹ್ನದವರೆಗೆ ಬಳಿದು, ಡಬ್ಬಿ ಊಟ ಮಾಡಿ, ಮತ್ತೆ ಬಳಿದು, ಸಂಜೆ ಹೊತ್ತಿಗೆ ಗೋಡೆಯೆಲ್ಲ ಮದುವೆ ಚಪ್ಪರದ ಹಾಗೆ ಬಣ್ಣಬಣ್ಣವಾದ ಮೇಲೆ "ಸೂಕ್ಷ್ಮವಾಗಿ ಪರಿಶೀಲಿಸಲಾಗಿದೆ" ಎಂದು ಮೇಲಿನವರಿಗೆ ವರದಿ ಹೋಗುತ್ತದೆ.

ಇದೇ ಕೆಲಸಕ್ಕೆ ಕಂಪ್ಯೂಟರಿನಲ್ಲಿ ಡಿಫ್ ಎಂದು ಒಂದು ಆಜ್ಞೆ ಇದೆ. ಕಪ್ಪು ಕಿಟಕಿ ತೆರೆದು, ಡಿಫ್ ಎಂದು ಹೊಡೆದು, ಎರಡು ಫೈಲುಗಳ ಹೆಸರು ಬರೆದು ಎಂಟರ್ ಒತ್ತಿದರೆ ಆಯಿತು, ಯಾವ ಯಾವ ಸಾಲು ಬೇರೆಯಾಗಿದೆ ಎಂದು ರೆಪ್ಪೆ ಮಿಟುಕಿಸುವಷ್ಟರಲ್ಲಿ ತೋರಿಸುತ್ತದೆ. ಅಷ್ಟು ಬಿಟ್ಟು ಬೇರೆ ಮಾತಾಡುವುದಿಲ್ಲ. ಯಾರನ್ನೂ ಹೊಗಳುವುದಿಲ್ಲ, ಚಹಾ ತರಿಸುವುದಿಲ್ಲ. ಅದಕ್ಕೇ ಇರಬೇಕು, ನಮ್ಮಲ್ಲಿ ಅದಕ್ಕೆ ಮರ್ಯಾದೆ ಇಲ್ಲ.

ನಾನು ವೆಂಗ್ ಪಿ-ಯುನ್, ಶಿನ್‌ಚು ಊರಿನ ಹೊರಗೆ, ಗಾಳಿ ಒಂದು ಗಳಿಗೆಯೂ ಸುಮ್ಮನಿರದ ರಸ್ತೆಯಲ್ಲಿರುವ ಕಾರ್ಖಾನೆಯೊಂದರಲ್ಲಿ ಓವನ್ ಇಂಜಿನಿಯರ್. ಚಿಪ್‌ಗಳನ್ನು ತಳಕ್ಕೆ ಅಂಟಿಸಿ, ಅಂಟು ಗಟ್ಟಿಯಾಗುವ ತನಕ ಓವನ್ನಿನಲ್ಲಿ ಬೇಯಿಸುವುದು ನಮ್ಮ ವಿಭಾಗದ ಕೆಲಸ. ಎಷ್ಟು ಬಿಸಿ, ಎಷ್ಟು ಹೊತ್ತು, ಎಷ್ಟು ಗಾಳಿ ಎಂದು ಓವನ್ನಿಗೆ ಹೇಳುವ ಫೈಲಿಗೆ ನಾವು ರೆಸಿಪಿ ಅನ್ನುತ್ತೇವೆ. ಏಳನೇ ಓವನ್ನಿನ ರೆಸಿಪಿ ಬರೆದವಳು ನಾನು. ಒಂದು ಮೊಟ್ಟೆ ನೆಟ್ಟಗೆ ಬೇಯಿಸಲು ಬಾರದ ಸೊಸೆ ಎಂದು ನನ್ನ ಅತ್ತೆ ನೆಂಟರಿಷ್ಟರಲ್ಲೆಲ್ಲ ಸಾರಿದ್ದಾರೆ. ಸಾರಲಿ. ಆ ರೆಸಿಪಿಯಲ್ಲಿ ಬೆಂದ ಚಿಪ್‌ಗಳಲ್ಲಿ ಒಂದೂ ವರ್ಷಗಟ್ಟಲೆ ವಾಪಸ್ ಬಂದಿರಲಿಲ್ಲ. ನನಗೆ ಅದರ ಬಗ್ಗೆ ಹೆಮ್ಮೆ ಇತ್ತು, ಈಗಲೂ ಇದೆ.

ಬೇಸಿಗೆಯ ಕೊನೆಗೆ ಚಂಡಮಾರುತದ ರಜೆ ಬಂತು. ರಜೆಯಲ್ಲಿ ಕರೆಂಟ್ ಹೋಗಿ, ಅಂಟಿನ ಡಬ್ಬಿಗಳನ್ನಿಟ್ಟ ಶೀತಕೋಣೆ ಬೆಚ್ಚಗಾಯಿತು. ಫ್ರಿಜ್ಜಿನ ಹಾಲು ಎರಡು ದಿನ ಹೊರಗಿದ್ದರೆ ಏನಾಗುತ್ತದೋ ಅಂಟಿಗೂ ಅದೇ ಆಯಿತು. ಆ ಜಾತಿಯ ಅಂಟು ಹೋಗುವುದು ಏಳನೇ ಓವನ್ ಒಂದಕ್ಕೇ. ರಜೆ ಮುಗಿದು ಕೆಲಸ ಶುರುವಾದಾಗ ಏಳನೇ ಓವನ್ನಿನಿಂದ ಬಂದ ಚಿಪ್‌ಗಳು ಉಗುರು ತಾಗಿಸಿದರೆ ಸಾಕು, ಎದ್ದು ಬರತೊಡಗಿದವು. ಜಪಾನಿನ ಗಿರಾಕಿ ಕೆಂಡವಾದ. "ಅಂಟು ಕೆಟ್ಟಿದೆ, ಶೀತಕೋಣೆ ನೋಡಿ" ಎಂದು ನಾನು ವರದಿ ಬರೆದುಕೊಟ್ಟೆ.

ಶೀತಕೋಣೆ ಇದ್ದದ್ದು ಡೆಪ್ಯೂಟಿ ಮ್ಯಾನೇಜರ್ ಚಿಯೆನ್ ಸಾಹೇಬರ ಸುಪರ್ದಿಯಲ್ಲಿ. ನನ್ನ ವರದಿ ಮೇಲೆ ಹೋಗಬೇಕಾದದ್ದೂ ಅವರ ಕೈ ದಾಟಿಯೇ. ಮೇಲೆ ತಲುಪಿದಾಗ ಅದರಲ್ಲಿ ಅಂಟೂ ಇರಲಿಲ್ಲ, ಶೀತಕೋಣೆಯೂ ಇರಲಿಲ್ಲ. "ರೆಸಿಪಿ ಬರೆದವರ ನಿರ್ಲಕ್ಷ್ಯ" ಎಂದು ಮಾತ್ರ ಇತ್ತು.

ಚಿಯೆನ್ ಸಾಹೇಬರ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಅವರ ತಲೆಗೂದಲು ಸದಾ ಬಾಚಿದ್ದು. ಅವರ ಸ್ಲೈಡುಗಳಲ್ಲಿ ಬಾಣಗಳು ಸದಾ ಮೇಲಕ್ಕೇ ಹೋಗುತ್ತವೆ. ಕಪ್ಪು ಕಿಟಕಿಯಲ್ಲಿ ಅಕ್ಷರ ಹೊಡೆಯುವವರೆಂದರೆ ಅವರಿಗೆ ಚರಂಡಿ ರಿಪೇರಿಯವರನ್ನು ಕಂಡ ಹಾಗೆ, ಬೇಕು, ಆದರೆ ಅತಿಥಿಗಳ ಕಣ್ಣಿಗೆ ಬೀಳಬಾರದು. ಇಂಥವರು ರೆಸಿಪಿಯನ್ನು ಸ್ವತಃ ಸುಧಾರಿಸುತ್ತೇನೆಂದು ಘೋಷಿಸಿ, ನನಗೆ ಆ ಫೈಲನ್ನು ಮುಟ್ಟುವ ಅಧಿಕಾರ ತೆಗೆಸಿಹಾಕಿ, ತಮ್ಮ ಕೋಣೆಯ ಬಾಗಿಲು ಹಾಕಿಕೊಂಡರು. ಬಾಗಿಲ ಹೊರಗೆ "ಸುಧಾರಣೆ ನಡೆಯುತ್ತಿದೆ" ಎಂದು ಚೀಟಿ.

ಎರಡು ವಾರದ ಮೇಲೆ ಹೊರಗೆ ಬಂದರು. ಒಂದು ಕೈಯಲ್ಲಿ ಹೊಸ ಫೈಲಿನ ಪ್ರಿಂಟು, ಇನ್ನೊಂದು ಕೈಯಲ್ಲಿ ಹಸಿರು ಪೊಟ್ಟಣ. ನಮ್ಮಲ್ಲಿ ಹಸಿರು ಪೊಟ್ಟಣ ಹೊತ್ತುಕೊಳ್ಳದ ಯಂತ್ರವೇ ಇಲ್ಲ. ತೆಂಗಿನಕಾಯಿ ರುಚಿಯ ಕುರುಕಲು ಅದು. ಹೆಸರಿನ ಅರ್ಥವೇ "ಹಠ ಮಾಡದೆ ಜಾಣನ ಹಾಗಿರು" ಅಂತ, ಮಕ್ಕಳಿಗೆ ಹೇಳುವ ಹಾಗೆ. ಮೇಲಿಟ್ಟರೆ ಯಂತ್ರ ಕೈಕೊಡುವುದಿಲ್ಲ ಎಂದು ನಂಬಿಕೆ. ಹಸಿರೇ ಆಗಬೇಕು, ಒಡೆದಿರಬಾರದು, ತಾರೀಖು ಮೀರಿರಬಾರದು. ನಾನೂ ಇಡುತ್ತೇನೆ. ಎಲ್ಲರೂ ಇಡುವಾಗ ನಾನೊಬ್ಬಳು ಬಿಟ್ಟು ಸುಮ್ಮನೆ ಯಾಕೆ ಯಂತ್ರದ ಕಣ್ಣು ಕೆಂಪಗೆ ಮಾಡಲಿ? ಚಿಯೆನ್ ಸಾಹೇಬರು ಓವನ್ ಮೇಲಿನ ಹಳೇ ಪೊಟ್ಟಣ ಎತ್ತಿ, ಹೊಸದನ್ನಿಟ್ಟು, ಕೈಮುಗಿದು, ಫೋಟೋ ತೆಗೆಸಿಕೊಂಡರು. ಅದೇ ವಾರ ಹಳೇ ಅಂಟಿನ ಡಬ್ಬಿಗಳು ಖಾಲಿಯಾಗಿ ಹೊಸ ಅಂಟು ಬಂದಿತ್ತು. ಅದರ ಫೋಟೋ ಯಾರೂ ತೆಗೆಯಲಿಲ್ಲ.

ಚಿಪ್‌ಗಳು ಕಲ್ಲಿನ ಹಾಗೆ ಕೂತವು. ಚಿಯೆನ್ ಸಾಹೇಬರಿಗೆ ವರ್ಷದ ಸುಧಾರಣಾ ಬಹುಮಾನ ಎಂದು ಸುದ್ದಿ ಬಂತು. ಕ್ಯಾಂಟೀನಿನ ಪಕ್ಕದ ಸೂಚನಾಫಲಕದಲ್ಲಿ ನನ್ನ ಹೆಸರಿನ ಕಾಗದ ಬಂತು, ದೊಡ್ಡ ತಪ್ಪು, ಶುಕ್ರವಾರದ ಸಭೆಯಲ್ಲಿ ಕಾಯಂ ಮಾಡಲಾಗುವುದು ಎಂದು. ನಮ್ಮಲ್ಲಿ ಶಿಕ್ಷೆಗೆ ಸಣ್ಣ ತಪ್ಪು, ದೊಡ್ಡ ತಪ್ಪು ಎಂದು ದರ್ಜೆಗಳಿವೆ. ದೊಡ್ಡ ತಪ್ಪು ಬಿದ್ದವರನ್ನು ಓವನ್ ಹತ್ತಿರ ಬಿಡುವುದಿಲ್ಲ, ಗೋದಾಮಿಗೆ ಕಳಿಸಿ ರಟ್ಟಿನ ಪೆಟ್ಟಿಗೆಗೆ ಚೀಟಿ ಅಂಟಿಸಲು ಕೂರಿಸುತ್ತಾರೆ. ತಾನಾಗಿ ಬಿಟ್ಟು ಹೋಗಲಿ ಎಂದೇ ಕೂರಿಸುವುದು. ನಲವತ್ತಾರರ ಹೆಂಗಸು, ಮೇಲೆ ದೊಡ್ಡ ತಪ್ಪಿನ ಕಲೆ. ಈ ರಸ್ತೆಯ ಇನ್ಯಾವ ಕಾರ್ಖಾನೆ ನನ್ನನ್ನು ಒಳಗೆ ಬಿಟ್ಟುಕೊಳ್ಳುತ್ತದೆ? ಆ ಕಾಗದವನ್ನು ಎರಡು ಸಲ ಓದಿದೆ. ಸುಳ್ಳು ಹೇಳುವುದಿಲ್ಲ, ಹೆದರಿದೆ.

ಮಾರನೇ ದಿನ ಊಟವಾದ ಮೇಲೆ, ಆಫೀಸಿನ ದೀಪ ಆರಿಸಿ ಎಲ್ಲರೂ ಮೇಜಿನ ಮೇಲೆ ದಿಂಬಿಟ್ಟು ತಲೆ ಹಾಕಿ ಅರೆಗಳಿಗೆ ನಿದ್ದೆ ಮಾಡುವ ಹೊತ್ತು. ನನಗೆ ನಿದ್ದೆ ಎಲ್ಲಿಂದ ಬರಬೇಕು? ಫೈಲನ್ನು ತಿದ್ದುವ ಅಧಿಕಾರ ಹೋಗಿತ್ತೇ ಹೊರತು ಓದುವುದಕ್ಕೆ ಅಡ್ಡಿ ಇರಲಿಲ್ಲ. ಈ ಮಹಾಶಯರು ಅಂಥದ್ದೇನು ಸುಧಾರಿಸಿದ್ದಾರೆ, ನೋಡೇ ಬಿಡೋಣ ಎಂದು ಕಪ್ಪು ಕಿಟಕಿ ತೆರೆದೆ. ಡಿಫ್, ನನ್ನ ಹಳೇ ರೆಸಿಪಿಯ ಹೆಸರು, ಅವರ ಸುಧಾರಿತ ರೆಸಿಪಿಯ ಹೆಸರು, ಎಂಟರ್.

ಏನೂ ಬರಲಿಲ್ಲ. ಕೆಳಗಿನ ಸಾಲಿಗೆ ಹೋಗಿ ಕರ್ಸರ್ ಮಿಣುಕುತ್ತ ಕೂತಿತು. ಹೆಸರು ತಪ್ಪಾಗಿ ಹೊಡೆದೆನೇನೋ ಎಂದು ಮತ್ತೆ ಹೊಡೆದೆ. ಮತ್ತೆ ಏನೂ ಇಲ್ಲ. ಆಗ ಅರ್ಥವಾಯಿತು. ನಗು ತಡೆಯಲಾಗಲಿಲ್ಲ.

ಪಕ್ಕದ ಕುರ್ಚಿಯಲ್ಲಿ ಚಹಾದಲ್ಲಿ ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದ ಆ-ಕುನ್ ತಲೆ ಎತ್ತಿದ. ಓವನ್‌ಗಳ ರಿಪೇರಿ ನೋಡಿಕೊಳ್ಳುವವನು, ನನಗಿಂತ ಒಂದೆರಡು ವರ್ಷ ಚಿಕ್ಕವನು, ಬಾಯಿಗೆ ಬೀಗ ಇಲ್ಲದವನು.

"ಏನಕ್ಕಾ, ಖಾಲಿ ಪರದೆ ನೋಡ್ಕೊಂಡು ನಗ್ತಿದ್ದೀಯಾ? ತಲೆಗಿಲೆ ಕೆಟ್ಟಿತಾ?"

"ಮೆಲ್ಲಗೆ ಮಾತಾಡೋ, ಮಲಗಿದ್ದಾರೆ. ಇಲ್ಲಿ ನೋಡು. ಇದು ನನ್ನ ರೆಸಿಪಿ, ಇದು ಚಿಯೆನ್ ಸಾಹೇಬರದ್ದು. ಏನು ವ್ಯತ್ಯಾಸ ಹೇಳು ಅಂತ ಕೇಳ್ದೆ."

"ಏನಂತು?"

"ಏನೂ ಅನ್ಲಿಲ್ಲ."

"ಹಂಗಾದ್ರೆ ಕೆಟ್ಟೋಗಿದೆ ಬಿಡು."

"ಕೆಟ್ಟಿಲ್ಲ ಕಣೋ. ವ್ಯತ್ಯಾಸ ಇದ್ರೆ ಮಾತ್ರ ಇದು ಬಾಯಿ ಬಿಡೋದು. ಎರಡೂ ಅಕ್ಷರಕ್ಕಕ್ಷರ ಒಂದೇ. ಎರಡು ವಾರ ಬಾಗಿಲು ಹಾಕ್ಕೊಂಡು ಆಯಪ್ಪ ಮಾಡಿದ್ದು ಹೆಸರು ಬದಲಾಯಿಸೋ ಕೆಲಸ."

ಆ-ಕುನ್ ಮೊಟ್ಟೆಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು ಪರದೆಯ ಕಡೆ ಬಾಗಿದ. "ಹೇಳೋಕೇನೂ ಇಲ್ದಾಗ ಬಾಯಿ ಮುಚ್ಕೊಂಡಿರುತ್ತಾ ಇದು? ಹಂಗಿದ್ರೆ ಇಲ್ಲಿ ಇದಕ್ಕೆ ಪ್ರಮೋಷನ್ ಸಿಗಲ್ಲಕ್ಕಾ."

ಶುಕ್ರವಾರದ ಸಭೆಗೆ ಜನರಲ್ ಮ್ಯಾನೇಜರ್ ಫಾಂಗ್ ಮೇಡಂ ಬಂದು ಕೂತರು. ಕಂಪನಿ ಕಟ್ಟಿದವರ ಮಗಳು, ಅರವತ್ತು ದಾಟಿದ ಗಂಭೀರ ಹೆಂಗಸು, ಕೆಟ್ಟವರಲ್ಲ. ಆದರೆ ಸಭೆಯಲ್ಲಿ ಯಾರ ಮುಖವೂ ಬಾಡಬಾರದು ಎನ್ನುವುದೊಂದೇ ಅವರಿಗೆ ಮುಖ್ಯ, ಮಿಕ್ಕದ್ದು ಆಮೇಲೆ. ಚಿಯೆನ್ ಸಾಹೇಬರು ಸ್ಲೈಡು ತೋರಿಸಿದರು. ಬಾಣಗಳು ಮೇಲಕ್ಕೆ ಹೋದವು. ನನ್ನ ಸರದಿ ಬಂದಾಗ ಎದ್ದು ಹೋಗಿ ದೊಡ್ಡ ಪರದೆಯ ಮೇಲೆ ಕಪ್ಪು ಕಿಟಕಿ ತೆರೆದೆ.

"ಮೇಡಂ, ನನ್ನ ರೆಸಿಪಿ ತಪ್ಪು ಅಂತ ನನಗೆ ದೊಡ್ಡ ತಪ್ಪು ಹಾಕ್ತಿದ್ದೀರಿ. ಸಾಹೇಬರು ಅದನ್ನ ಸರಿ ಮಾಡಿದ್ರು ಅಂತ ಅವರಿಗೆ ಬಹುಮಾನ. ಎರಡನ್ನೂ ಹೋಲಿಸಿ ತೋರಿಸ್ತೀನಿ, ನೀವೇ ನೋಡಿ." ಎಂಟರ್ ಒತ್ತಿದೆ.

ಇಡೀ ಕೋಣೆ ಕತ್ತು ಚಾಚಿ ನೋಡಿತು. ಕರ್ಸರ್ ಮಿಣುಕಿತು.

"ಬಂತಾ?" ಎಂದರು ಮೇಡಂ.

"ಬಂತು ಮೇಡಂ. ಏನೂ ಬರಲಿಲ್ಲ, ಅದೇ ಉತ್ತರ."

ಮೇಡಂ ಕನ್ನಡಕ ಸರಿಮಾಡಿಕೊಂಡರು. ಚಿಯೆನ್ ಸಾಹೇಬರಿಗೆ ಮೇಡಂಗಿಂತ ಮೊದಲೇ ಅರ್ಥವಾಗಿತ್ತು, ಆದರೆ ಬೇರೆ ರೀತಿ. ಎದ್ದು ನಿಂತು, ಅಂಗಿ ಎಳೆದುಕೊಂಡು, ನಕ್ಕರು. "ಥ್ಯಾಂಕ್ಸ್, ಪಿ-ಯುನ್. ನೋಡಿದ್ರಾ ಮೇಡಂ? ಇಷ್ಟು ಕಟ್ಟುನಿಟ್ಟಾದ ಆಜ್ಞೆಗೂ ನನ್ನ ಫೈಲಲ್ಲಿ ಒಂದು ತಪ್ಪು ಸಿಗಲಿಲ್ಲ."

ಚಪ್ಪಾಳೆ ಬಿತ್ತು! ದೇವರಾಣೆಗೂ ಬಿತ್ತು. ಗುಣಮಟ್ಟ ವಿಭಾಗದವರು ಎಲ್ಲರಿಗಿಂತ ಜೋರಾಗಿ ತಟ್ಟಿದರು.

ನನಗೆ ಮೈ ಉರಿಯಿತು. ಎರಡು ಫೈಲುಗಳೂ ಒಂದೇ ಆಗಿದ್ದರೆ ಬಾಯಿಬಿಟ್ಟು ಹೇಳು ಎನ್ನುವುದಕ್ಕೂ ಡಿಫ್‌ನಲ್ಲಿ ದಾರಿ ಇದೆ, ಆಜ್ಞೆಯ ಜೊತೆ ಒಂದು ಅಕ್ಷರ ಸೇರಿಸಬೇಕು ಅಷ್ಟೇ. ಸೇರಿಸಿ ಹೊಡೆದೆ. ಈ ಸಲ ಪರದೆಯ ಮೇಲೆ ಸಾಲು ಬಂತು, ಇಂಥ ಫೈಲು, ಇಂಥ ಫೈಲು, ಎರಡೂ ಒಂದೇ.

"ಒಂದೇ ಥರ ಇದೆ ಅಂತಿದೆಯಲ್ಲ," ಎಂದರು ಮೇಡಂ, ಖುಷಿಯಿಂದ. "ಸ್ಥಿರತೆ ಅಂದ್ರೆ ಇದೇ ಅಲ್ವಾ?"

"ಸ್ಥಿರತೆ ಅಲ್ಲ ಮೇಡಂ! ಅವರು ಏನನ್ನೂ ಬದಲಿಸಿಲ್ಲ. ನನ್ನ ಫೈಲನ್ನೇ ನಕಲು ಮಾಡಿ ಬೇರೆ ಹೆಸರಿಟ್ಟಿದ್ದಾರೆ. ಅವರಿಗೆ ಬಹುಮಾನ ಆದ್ರೆ ನನಗೂ ಬಹುಮಾನ ಕೊಡಿ. ನನಗೆ ತಪ್ಪು ಆದ್ರೆ ಅವರಿಗೂ ಹಾಕಿ. ಎರಡರಲ್ಲಿ ಒಂದು ಮಾಡಿ."

ಚಿಯೆನ್ ಸಾಹೇಬರ ಕಿವಿ ಕೆಂಪಾದವು. ಮೇಡಂ ಸಾವಕಾಶವಾಗಿ ಯೋಚಿಸಿ, "ಫೈಲು ಬದಲಾಗಿಲ್ಲ, ಚಿಪ್ ಸರಿಹೋಯ್ತು. ಹಾಗಾದ್ರೆ ಬದಲಾಗಿದ್ದೇನು?" ಎಂದು ಕೇಳಿದರು. ಸರಿಯಾದ ಪ್ರಶ್ನೆ. ಜೀವಮಾನದಲ್ಲಿ ಆ ಕೋಣೆಯಲ್ಲಿ ನನ್ನ ಕಿವಿಗೆ ಬಿದ್ದ ಒಂದೇ ಸರಿಯಾದ ಪ್ರಶ್ನೆ. "ಅಂಟು ಮೇಡಂ," ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಚಿಯೆನ್ ಸಾಹೇಬರು ಫೋಟೋ ಇದ್ದ ಸ್ಲೈಡಿಗೆ ಹಾರಿಯಾಗಿತ್ತು.

"ಪೊಟ್ಟಣ ಮೇಡಂ! ಹಳೇ ಪೊಟ್ಟಣದ ತಾರೀಖು ಮೀರಿತ್ತು. ನಾನೇ ಕೈಯಾರೆ ಬದಲಾಯಿಸಿದೆ."

ಕೋಣೆಯಲ್ಲಿ ಉಸಿರು ಎಳೆದುಕೊಂಡ ಸದ್ದು. ತಾರೀಖು ಮೀರಿದ ಪೊಟ್ಟಣ! ಮೇಡಂ ಮುಖದಲ್ಲಿ ನಿಜವಾದ ಗಾಬರಿ ಕಂಡೆ. ಶೀತಕೋಣೆ ಕೆಟ್ಟಾಗ ಕಾಣದ ಗಾಬರಿ. "ಏಳನೇ ಓವನ್ನಿನ ಪೊಟ್ಟಣದ ಜವಾಬ್ದಾರಿ ಯಾರದು?"

ಓವನ್ ಯಾರದೋ ಪೊಟ್ಟಣ ಅವರದು. ಎಲ್ಲರೂ ನನ್ನ ಕಡೆ ತಿರುಗಿದರು.

ಹೀಗೆ ನನ್ನ ರೆಸಿಪಿ ನಿರಪರಾಧಿ ಎಂದು ಸಾಬೀತಾಯಿತು, ನಾನು ಮಾತ್ರ ಆಗಲಿಲ್ಲ. ದೊಡ್ಡ ತಪ್ಪು ಕಾಯಂ, ಕಾರಣ ತಿದ್ದುಪಡಿ, ಪೊಟ್ಟಣದ ನಿರ್ಲಕ್ಷ್ಯ. ಬಹುಮಾನವೂ ಕಾಯಂ, ಸಕಾಲದಲ್ಲಿ ಪೊಟ್ಟಣ ಬದಲಿಸಿದ ಮುಂದಾಲೋಚನೆಗೆ. ಮುಂದಿನ ವಾರದಿಂದ ನಾನು ಗೋದಾಮಿಗೆ. ಅಂಟಿನ ಮಾತು ಎತ್ತಿದೆ, ನಾನು ಬರೆದುಕೊಟ್ಟ ವರದಿಯ ಮಾತೂ ಎತ್ತಿದೆ, ಎರಡು ಸಲ ಎತ್ತಿದೆ. "ಅದನ್ನ ಆಮೇಲೆ ನೋಡೋಣ," ಎಂದರು ಮೇಡಂ, ಮಕ್ಕಳಿಗೆ ಹೇಳುವ ಧ್ವನಿಯಲ್ಲಿ. ಓದಿದವರು, ವಿದೇಶ ಸುತ್ತಿದವರು, ನೂರಾರು ಡಿಗ್ರಿಯಲ್ಲಿ ಚಿಪ್ ಬೇಯಿಸಿ ಜಗತ್ತಿಗೆಲ್ಲ ಮಾರುವವರು, ಕೂತು ಕುರುಕಲು ಪೊಟ್ಟಣದ ತಾರೀಖಿನ ಮೇಲೆ ನನ್ನ ಬದುಕನ್ನು ತೀರ್ಮಾನ ಮಾಡಿದರು. ಆ ದಿನ ನಾನು ಅಳಲಿಲ್ಲ. ಅಷ್ಟು ದೊಡ್ಡ ದಡ್ಡತನದ ಮುಂದೆ ಅಳುವುದಕ್ಕೂ ನಾಚಿಕೆಯಾಯಿತು.

ಆದರೆ ಚಿಯೆನ್ ಸಾಹೇಬರು ಇನ್ನೊಂದು ಕೆಲಸ ಮಾಡಿಟ್ಟಿದ್ದರು. ಸುಧಾರಣೆಯ ಹುರುಪಿನಲ್ಲಿ, ಸಭೆಗೂ ಮೊದಲೇ, ಹಳೇ ರೆಸಿಪಿ ಹೊಸ ರೆಸಿಪಿ ಎರಡನ್ನೂ ಜಪಾನಿನ ಗಿರಾಕಿಗೆ ಕಳಿಸಿ ಬೆನ್ನು ತಟ್ಟಿಕೊಂಡಿದ್ದರು. ಗಿರಾಕಿಯ ಇಂಜಿನಿಯರ್ ಕಾತಾಗಿರಿ ಎನ್ನುವವರು ಗೋಡೆಗೆ ಕಾಗದ ಅಂಟಿಸುವ ಜಾತಿಯವರಲ್ಲ. ಸೋಮವಾರ ಬೆಳಗ್ಗೆ ಅವರ ಉತ್ತರ ಬಂತು. ನೀವು ಕಳಿಸಿದ ಫೈಲುಗಳನ್ನು ಹೋಲಿಸಿದೆವು, ಯಾವ ವ್ಯತ್ಯಾಸವೂ ಕಾಣಲಿಲ್ಲ, ಏನು ಬದಲಾಯಿಸಿದ್ದೀರಿ ಎಂದು ದಯವಿಟ್ಟು ತೋರಿಸಿ, ತೋರಿಸುವ ತನಕ ನಿಮ್ಮ ಸರಕು ಇಳಿಸಿಕೊಳ್ಳುವುದಿಲ್ಲ. ಬುಧವಾರ ವಿಡಿಯೋ ಸಭೆಯಲ್ಲಿ ಸಿಗೋಣ.

ಪೊಟ್ಟಣ ಬದಲಾಯಿಸಿದೆವು ಎಂದು ಜಪಾನಿನವರಿಗೆ ಉತ್ತರ ಬರೆಯಲಾಗುತ್ತದೆಯೇ? ಅಷ್ಟು ಬುದ್ಧಿ ಚಿಯೆನ್ ಸಾಹೇಬರಿಗೂ ಇತ್ತು.

ಮಧ್ಯಾಹ್ನ ಅವರು ನನ್ನ ಮೇಜಿನ ಹತ್ತಿರ ಬಂದರು. ನಾನು ಗೋದಾಮಿಗೆ ಹೊರಡಲು ಸಾಮಾನು ಕಟ್ಟುತ್ತಿದ್ದೆ. ಅವರ ಕೈಯಲ್ಲಿ ಹಾಲಿನ ಚಹಾ, ಸಕ್ಕರೆ ಅರ್ಧ, ಐಸ್ ಇಲ್ಲ. ನಾನು ಕುಡಿಯುವುದು ಹಾಗೆ ಎಂದು ಯಾರನ್ನು ಕೇಳಿ ತಿಳಿದರೋ. ಅಷ್ಟು ವರ್ಷ ಬರೀ ಪಿ-ಯುನ್ ಆಗಿದ್ದವಳು ಅಂದು ಅಕ್ಕ ಆದೆ.

"ಪಿ-ಯುನ್ ಅಕ್ಕಾ, ಒಂದು ಸಣ್ಣ ಉಪಕಾರ ಆಗ್ಬೇಕಿತ್ತು."

"ಹೇಳಿ."

"ಹೊಸ ಫೈಲಲ್ಲಿ ಎಲ್ಲಾದ್ರೂ ಒಂದು ಚೂರು ಬದಲಾಯಿಸಿ. ಓವನ್ನಿಗೆ ಏನೂ ಆಗದೇ ಇರೋ ಜಾಗದಲ್ಲಿ. ಆ ನಿಮ್ಮ ಆಜ್ಞೆ ಹೊಡೆದ್ರೆ ಏನಾದ್ರೂ ಕಾಣಬೇಕು, ಅಷ್ಟೇ. ಅವತ್ತು ತಪ್ಪು ಫೈಲು ಹೋಗಿತ್ತು, ಇದು ಸರಿಯಾದ್ದು ಅಂತ ಕಳಿಸ್ತೀನಿ."

"ನಾನ್ಯಾಕೆ ಮಾಡ್ಲಿ?"

"ನೀವು ಮನೆಯವರಿದ್ದ ಹಾಗೆ ಅಕ್ಕಾ. ಮೇಡಂ ಹತ್ರ ಮಾತಾಡ್ತೀನಿ, ದೊಡ್ಡ ತಪ್ಪನ್ನ ಸಣ್ಣ ತಪ್ಪು ಮಾಡಿಸ್ತೀನಿ. ಗೋದಾಮು ಗೀದಾಮು ಏನೂ ಬೇಡ. ನಿಮ್ಮ ಓವನ್ ನಿಮಗೇ."

ಆ ಮಾತು ಕೇಳಿ ನನಗೆ ಆಸೆ ಆಯಿತು. ಯಾಕೆ ಮುಚ್ಚಿಡಲಿ? ಏಳನೇ ಓವನ್ನಿನ ಮುಂದೆ ನಿಂತು ಬೆಚ್ಚಗಿನ ಗಾಳಿ ಮುಖಕ್ಕೆ ಬಡಿಸಿಕೊಳ್ಳುವ ಬೆಳಗು ಕಣ್ಣ ಮುಂದೆ ಬಂತು. ಒಂದು ಅಂಕಿ ತಿದ್ದಿದರೆ ಸಾಕು, ಯಾರಿಗೂ ನಷ್ಟ ಇಲ್ಲ. ಆದರೆ ತಿದ್ದಿದ ಗಳಿಗೆಯಿಂದ ಅದು ಚಿಯೆನ್ ಸಾಹೇಬರ ರೆಸಿಪಿ, ನನ್ನದು ಕೆಟ್ಟ ರೆಸಿಪಿ. ಅಂಟು ಮತ್ತೆ ಹಾಳಾದ ದಿನ ಮತ್ತೆ ಯಾರದೋ ಕುತ್ತಿಗೆಗೆ ಬರುತ್ತದೆ. ಮೇಲಾಗಿ, ಸಣ್ಣ ತಪ್ಪಂತೆ! ಮಾಡದ ತಪ್ಪಿನಲ್ಲಿ ಚಿಕ್ಕ ಅಳತೆಯದು ಆರಿಸಿಕೋ ಎನ್ನುವ ಆ ಧಾರಾಳ ನೋಡಿ ನನ್ನ ಆಸೆ ಅಲ್ಲೇ ಸತ್ತಿತು.

"ಫೈಲು ಮುಟ್ಟೋ ಅಧಿಕಾರ ವಾಪಸ್ ಕೊಡಿಸಿ," ಎಂದೆ. ಎರಡು ನಿಮಿಷದಲ್ಲಿ ಕೊಡಿಸಿದರು.

ರೆಸಿಪಿಯ ತಲೆಯ ಮೇಲೆ ಷರಾ ಬರೆಯಲು ಒಂದು ಸಾಲು ಇರುತ್ತದೆ. ಅದನ್ನು ಮನುಷ್ಯರು ಓದಬಹುದು, ಓವನ್ ಓದುವುದಿಲ್ಲ. ಅದು ಹುಟ್ಟಿದಾಗಿನಿಂದ ಖಾಲಿ ಇತ್ತು. ನಾನು ಅದರಲ್ಲಿ ಬರೆದೆ. ಸ್ವಲ್ಪ ಹೊತ್ತು ಯೋಚಿಸಿ ಕೊನೆಗೆ ಇನ್ನೊಂದು ವಾಕ್ಯ ಸೇರಿಸಿದೆ. ಗೋದಾಮಾದರೂ ಇತ್ತು, ಇದಾದ ಮೇಲೆ ಗೇಟೇ ಗತಿ ಎಂದು ಗೊತ್ತಿತ್ತು. ಉಳಿಸಿ, ಅವರ ಕಡೆ ತಿರುಗಿ ಡಿಫ್ ಹೊಡೆದೆ. ಪರದೆಯ ಮೇಲೆ ಅಕ್ಷರಗಳು ಬಂದವು.

ಬಾಗಿಲ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದ ಚಿಯೆನ್ ಸಾಹೇಬರು ಅಲ್ಲಿಂದಲೇ ಕತ್ತು ಉದ್ದ ಮಾಡಿದರು. "ಬಂತಾ? ಹಾಂ, ಬಂತು ಬಂತು! ಎಷ್ಟು ಸಾಲು?"

"ಒಂದು. ಓದಿ ನೋಡಿ ಸಾಹೇಬ್ರೇ."

"ಒಂದು ಸಾಕು ಬಿಡಿ."

"ಓದಿ ನೋಡಿ ಅಂದೆ. ಕಳಿಸೋರು ನೀವು."

"ಅಯ್ಯೋ ಅಕ್ಕಾ, ಆ ಕಪ್ಪು ಕಿಟಕಿ ಓದೋದು ನಿಮ್ಮಂಥವರ ಕೆಲಸ. ನಾನು ಮ್ಯಾನೇಜರ್." ನಗುತ್ತ ನನ್ನ ಭುಜ ತಟ್ಟಿ, ಫೈಲನ್ನು ಕಳಿಸಿ, ಹೋದರು. ಹಾಲಿನ ಚಹಾವನ್ನು ಆ-ಕುನ್ ಕುಡಿದ. ಪರದೆ ಓದಿದ ಮೇಲೆ ಒಂದು ಗುಟುಕು ಅವನ ನೆತ್ತಿಗೇರಿತು.

"ಅಕ್ಕಾ, ನಿನ್ನ ಕತೆ ಮುಗೀತು."

"ಹೂಂ ಕಣೋ. ಮುಗಿದ್ರೆ ನನ್ನ ಕೈಬರಹದಲ್ಲೇ ಮುಗೀಲಿ."

ಬುಧವಾರ ಅದೇ ಕೋಣೆ. ಮೇಡಂ ಮೊದಲ ಸ್ಥಾನದಲ್ಲಿ, ಅವರ ಪಕ್ಕ ಹೊಸ ಟೈ ಕಟ್ಟಿದ ಚಿಯೆನ್ ಸಾಹೇಬರು. ಗಿರಾಕಿ ಏನಾದರೂ ಕಷ್ಟದ್ದು ಕೇಳಿದರೆ ಉತ್ತರಿಸಲಿ ಎಂದು ನನ್ನನ್ನು ಕೊನೆಯ ಕುರ್ಚಿಯಲ್ಲಿ ಕೂರಿಸಿದ್ದರು. ದೊಡ್ಡ ಪರದೆಯ ಮೇಲೆ ಕಾತಾಗಿರಿ ಬಾಗಿ ವಂದಿಸಿದರು, ಪಕ್ಕದಲ್ಲಿ ಅವರ ದುಭಾಷಿ ಹೆಂಗಸು. ಚಿಯೆನ್ ಸಾಹೇಬರು ಬಾಣಗಳನ್ನು ಹಾರಿಸಲು ಶುರುಮಾಡಿದರು. ಕಾತಾಗಿರಿ ಮರ್ಯಾದೆಯಿಂದ ತಡೆದರು.

"ಸ್ಲೈಡು ಬೇಡವಂತೆ," ಎಂದಳು ದುಭಾಷಿ. "ಹೊಸ ಫೈಲು ಈಗಷ್ಟೇ ತೆಗೆದ್ರಂತೆ. ಎಲ್ಲರ ಮುಂದೆ ಒಟ್ಟಿಗೆ ನೋಡೋಣ ಅಂತಾರೆ."

"ಖಂಡಿತ, ಖಂಡಿತ," ಎಂದರು ಚಿಯೆನ್ ಸಾಹೇಬರು, ಮೇಡಂ ಕಡೆ ತಿರುಗಿ. "ಈ ಸಲ ಸ್ಪಷ್ಟವಾಗಿ ಕಾಣುತ್ತೆ ಮೇಡಂ."

ಪರದೆ ಕಪ್ಪಾಯಿತು. ಆ ಕಡೆ ಕಾತಾಗಿರಿ ಬೆರಳಾಡಿಸುವ ಸದ್ದು. ಡಿಫ್, ಒಂದು ಹೆಸರು, ಇನ್ನೊಂದು ಹೆಸರು. ಎಂಟರ್.

ಹಳೇ ಫೈಲಿನ ಖಾಲಿ ಷರಾ ಮೇಲೆ, ಹೊಸ ಫೈಲಿನ ಷರಾ ಕೆಳಗೆ. ಮನೆಯ ಗೋಡೆಯಷ್ಟು ದೊಡ್ಡ ಅಕ್ಷರ. ಮೇಡಂ ಕನ್ನಡಕ ಹಾಕಿಕೊಂಡು, ತಮ್ಮ ಕಂಪನಿಯ ಸುಧಾರಣೆಯನ್ನು ಗಿರಾಕಿಗೆ ತಾವೇ ಓದಿ ಹೇಳುವ ಉತ್ಸಾಹದಲ್ಲಿ, ಗಟ್ಟಿಯಾಗಿ ಓದತೊಡಗಿದರು.

"ಈ ರೆಸಿಪಿ ವೆಂಗ್ ಪಿ-ಯುನ್ ಬರೆದದ್ದು. ಡೆಪ್ಯೂಟಿ ಮ್ಯಾನೇಜರ್ ಚಿಯೆನ್ ಇದರಲ್ಲಿ ಏನನ್ನೂ ಬದಲಿಸಿಲ್ಲ, ಈ ಸಾಲನ್ನು ಸಹ ಬದಲಿಸಿದ್ದು ನಾನು, ಅವರು ಕೇಳಿಕೊಂಡ ಮೇಲೆ. ಚಿಪ್ ಸರಿಹೋದ ವಾರ ಬದಲಾದದ್ದು ಅಂಟಿನ ಡಬ್ಬಿ ಮತ್ತು..." ಮೇಡಂ ಧ್ವನಿ ತಗ್ಗಿತು. ಆದರೂ ಓದಲು ಶುರುಮಾಡಿದವರು ನಿಲ್ಲಿಸಲಾರದೆ ಓದಿದರು. "...ಮತ್ತು ಓವನ್ ಮೇಲಿನ ಕುರುಕಲು ಪೊಟ್ಟಣ. ನಾವು ಪೊಟ್ಟಣವನ್ನು ತನಿಖೆ ಮಾಡಿದ್ದೇವೆ."

ದುಭಾಷಿ ಅನುವಾದ ಮಾಡುತ್ತ ಹೋದಳು. ಪೊಟ್ಟಣದ ಹತ್ತಿರ ಒಂದು ಕ್ಷಣ ತಡವರಿಸಿ, ಅದನ್ನೂ ಮಾಡಿದಳು. ಕಾತಾಗಿರಿ ನಗಲಿಲ್ಲ. ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಈ ಫೈಲನ್ನ ಕಳಿಸೋ ಮೊದಲು ನಿಮ್ಮಲ್ಲಿ ಯಾರಾದ್ರೂ ಓದಿದ್ರಾ ಅಂತ ಕೇಳ್ತಿದ್ದಾರೆ," ಎಂದಳು ದುಭಾಷಿ.

ಫಾಂಗ್ ಮೇಡಂ ಪಕ್ಕಕ್ಕೆ ತಿರುಗಿದರು. ಬಾಯಿ ಸ್ವಲ್ಪವೇ ತೆರೆದು, ಪರದೆಯನ್ನೇ ನೋಡುತ್ತ ಕೂತಿದ್ದ ಚಿಯೆನ್ ಸಾಹೇಬರು ಮೇಡಂ ಮುಖ ತಮ್ಮ ಕಡೆ ತಿರುಗಿದ್ದು ಕಂಡೊಡನೆ ನೆಟ್ಟಗಾದರು.

"ಓದಿದ್ದೀನಿ ಮೇಡಂ," ಎಂದರು. "ನಾನೇ ಸ್ವತಃ, ಪ್ರತಿ ಅಕ್ಷರ ಪರಿಶೀಲಿಸಿ ಕಳಿಸಿದ್ದು."

ದುಭಾಷಿ ಅದನ್ನೂ ಅನುವಾದ ಮಾಡಿದಳು.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಅಷ್ಟು ಜನರ ಮುಂದೆ, ಗಿರಾಕಿ ನೋಡುತ್ತಿರುವಾಗಲೇ, ಕೊನೆಯ ಕುರ್ಚಿಯ ಕಡೆ ತಿರುಗಿದರು. ಅವರು ಸಭೆಯಲ್ಲಿ ಒಬ್ಬರ ಮುಖ ಬಾಡಲು ಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

"ಪಿ-ಯುನ್, ನಿಮ್ಮ ಹೆಸರಿನ ಆ ಕಾಗದ ಎಲ್ಲಿದೆ?"

"ಕ್ಯಾಂಟೀನ್ ಪಕ್ಕ, ಫಲಕದಲ್ಲಿ."

"ಹೋಗಿ ಕಿತ್ಕೊಂಡು ಬನ್ನಿ. ಬರ್ತಾ ಅಂಟಿನ ವರದಿ ತನ್ನಿ. ನೀವು ಬರೆದಿದ್ರಲ್ಲ, ಅದು."

ನಾನು ಎದ್ದೆ. ಚಿಯೆನ್ ಸಾಹೇಬರ ಕುರ್ಚಿಯ ಹಿಂದಿನಿಂದಲೇ ಹಾದು ಹೋಗಬೇಕಿತ್ತು. ಅವರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ನನಗೆ ದಾರಿ ಬಿಟ್ಟರು.